ಫ್ರೀಪೋರ್ಟಿನ ಪ್ರಶ್ನೆ

ಅಂತಿಮ ವರ್ಷದ ಬಿ.ಎ. ತರಗತಿಯಲ್ಲಿ ಅಮೆರಿಕದ ಅಂತರ್ಯುದ್ಧದ ಪಾಠ ಬಂದಿತೆಂದರೆ ಸ್ವರ್ಣಲತಾ ಪುಸ್ತಕ ಮುಚ್ಚಿಡುತ್ತಿದ್ದಳು. ಪುಸ್ತಕದಲ್ಲಿ ಅದು ಒಂದೂವರೆ ಪುಟಕ್ಕೆ ಮುಗಿದುಹೋಗುತ್ತಿತ್ತು. ಅವಳಿಗೆ ಎರಡು ವಾರ ಬೇಕಾಗುತ್ತಿತ್ತು.

ಗುಂಡ್ಲುಪೇಟೆಯ ಆ ಪದವಿ ಕಾಲೇಜಿನಲ್ಲಿ ಅವಳು ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು, ಪಟ್ಟಿಯಲ್ಲಿ ಹೆಸರು ಬಂದರೆ ಆ ವರ್ಷಕ್ಕೆ ಕೆಲಸ. ವಯಸ್ಸು ನಲವತ್ತೊಂದು. ಗಂಡ ಗಿರೀಶ್ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಗಾರ್ಡು, ವಾರಕ್ಕೆರಡು ದಿನ ಮನೆಗೆ ಬಂದರೆ ಹೆಚ್ಚು. ತೆರಕಣಾಂಬಿಯ ಬಾಡಿಗೆ ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ತಾಯಿ ಪುಟ್ಟಸಿದ್ದಮ್ಮ. ಬೆಳಿಗ್ಗೆ ಚಾಮರಾಜನಗರದ ಕಡೆಯಿಂದ ಬರುವ ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ಕಾಲೇಜು.

ಅವಳ ಪಾಠದಲ್ಲಿ ಎಲ್ಲರೂ ಬರುತ್ತಿದ್ದರು. ಗುಲಾಮಗಿರಿಯಿಂದ ಓಡಿ ಬಂದು ತನ್ನ ಕತೆಯನ್ನು ತಾನೇ ಬರೆದ ಫ್ರೆಡರಿಕ್ ಡಗ್ಲಾಸ್. ಒಂದು ಸಲ ತಪ್ಪಿಸಿಕೊಂಡವಳು ಮತ್ತೆ ಮತ್ತೆ ಹಿಂದಿರುಗಿ ಹೋಗಿ ಉಳಿದವರನ್ನು ಕರೆತಂದ ಹ್ಯಾರಿಯೆಟ್ ಟಬ್‌ಮನ್. ಆಯುಧ ಹಿಡಿದೇ ತೀರುತ್ತೇನೆ ಎಂದು ಹೊರಟು ನೇಣಿಗೇರಿದ ಜಾನ್ ಬ್ರೌನ್. ಇಬ್ಬರು ಡಗ್ಲಾಸರು ಇರುವುದರಿಂದ ಹುಡುಗರಿಗೆ ಗೊಂದಲವಾಗುತ್ತಿತ್ತು. ಫ್ರೆಡರಿಕ್ ಒಬ್ಬ, ಸ್ಟೀಫನ್ ಇನ್ನೊಬ್ಬ, ಒಬ್ಬನದನ್ನು ಇನ್ನೊಬ್ಬನ ತಲೆಗೆ ಕಟ್ಟಿದರೆ ಸೊನ್ನೆ ಕೊಡುತ್ತೇನೆ ಎಂದು ಅವಳು ಮೊದಲೇ ಹೇಳಿಬಿಡುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ೧೮೫೮ರ ಚರ್ಚೆಗಳು. ಇಲಿನಾಯ್ ರಾಜ್ಯದ ಒಂದು ಸೆನೆಟ್ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಉದ್ದನೆಯ ಲಿಂಕನ್, ಗಿಡ್ಡನೆಯ ಸ್ಟೀಫನ್ ಡಗ್ಲಾಸ್. ಏಳು ಊರುಗಳಲ್ಲಿ ಬಯಲಲ್ಲಿ ಎದುರುಬದುರು ನಿಂತು ಗಂಟೆಗಟ್ಟಲೆ ವಾದ ಮಾಡಿದರು. ಡಗ್ಲಾಸನ ಮಾತು ಬಹಳ ಸಲೀಸು: ಗುಲಾಮಗಿರಿ ಬೇಕೋ ಬೇಡವೋ ಎಂದು ಆಯಾ ಪ್ರದೇಶದ ಜನ ತೀರ್ಮಾನ ಮಾಡಿಕೊಳ್ಳಲಿ, ಹೊರಗಿನವರು ತಲೆ ಹಾಕುವುದು ಬೇಡ. ಹಾಗೆ ಬಿಟ್ಟಿದ್ದಕ್ಕೇ ಕ್ಯಾನ್ಸಾಸಿನಲ್ಲಿ ರಕ್ತ ಹರಿದಿತ್ತು. ಫ್ರೀಪೋರ್ಟ್ ಎಂಬ ಊರಿನಲ್ಲಿ ಲಿಂಕನ್ ಅವನಿಗೆ ನೇರವಾಗಿ ಒಂದು ಪ್ರಶ್ನೆ ಹಾಕಿದ. ಒಂದು ಪ್ರದೇಶದ ಜನಕ್ಕೆ ಗುಲಾಮಗಿರಿ ಬೇಡವೆನಿಸಿದರೆ ಅದನ್ನು ಕಾನೂನುಬದ್ಧವಾಗಿ ಹೊರಗಿಡಬಹುದೇ, ಇಲ್ಲವೇ? ಹೌದೆಂದರೆ ದಕ್ಷಿಣದವರು ಕೈಬಿಡುತ್ತಾರೆ, ಇಲ್ಲವೆಂದರೆ ಎದುರಿಗೆ ನಿಂತು ಕೇಳುತ್ತಿದ್ದ ಇಲಿನಾಯ್ ಜನ. ಡಗ್ಲಾಸ್ ಹೌದು ಎಂದ. ಸೆನೆಟ್ ಸ್ಥಾನ ಅವನಿಗೇ ಸಿಕ್ಕಿತು. ಆದರೆ ದಕ್ಷಿಣದವರು ಆ ಉತ್ತರವನ್ನು ಮರೆಯಲಿಲ್ಲ. ಎರಡು ವರ್ಷದ ಮೇಲೆ ಅಧ್ಯಕ್ಷನಾದವನು ಲಿಂಕನ್. ಇದೇ ಲಿಂಕನ್ ಆ ಚರ್ಚೆಗಳಲ್ಲೇ, ಬಿಳಿಯರೂ ಕರಿಯರೂ ಎಲ್ಲದರಲ್ಲೂ ಸಮಾನರೆಂದು ತಾನು ಹೇಳುತ್ತಿಲ್ಲ ಎಂದೂ ಮಾತಾಡಿದ್ದ. ಅದನ್ನೂ ಅವಳು ಮುಚ್ಚಿಡುತ್ತಿರಲಿಲ್ಲ.

ಆ ವರ್ಷ ಅವಳಿಗೆ ಒಂದು ಯೋಚನೆ ಬಂತು. ಇದನ್ನು ತಾನು ಹೇಳುವ ಬದಲು ಹುಡುಗರಿಂದಲೇ ಮಾಡಿಸಿದರೆ ಹೇಗೆ? ತರಗತಿಯಲ್ಲಿ ಎತ್ತರದ ಹುಡುಗಿ ಮಾನಸ. ಮಾತು ಕಡಿಮೆ, ಬರವಣಿಗೆ ಚೊಕ್ಕ. ಅವಳು ಲಿಂಕನ್. ಕುಳ್ಳಗಿದ್ದು ದನಿ ದೊಡ್ಡದಿದ್ದವನು ರಂಗರಾಜು. ಅವನು ಸ್ಟೀಫನ್ ಡಗ್ಲಾಸ್. ಇಬ್ಬರೂ ತೆರಕಣಾಂಬಿಯ ಆಚೆಯ ಒಂದೇ ಊರಿನವರು. ಒಟ್ಟಿಗೆ ಬಸ್ಸಿನಲ್ಲಿ ಬರುವವರು, ತಯಾರಿಗೆ ಅನುಕೂಲ ಎಂದುಕೊಂಡಳು.

ಮಾರನೆಯ ದಿನ ಮಾನಸ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ತನ್ನನ್ನು ಬದಲಾಯಿಸಿ ಎಂದು ಕೇಳಿದಳು. ಕಾರಣ ಹೇಳಲಿಲ್ಲ. ಅದೇ ದಿನ ಮಧ್ಯಾಹ್ನ ರಂಗರಾಜು ಬಂದು ಅದನ್ನೇ ಕೇಳಿದ. ಅವನೂ ಕಾರಣ ಹೇಳಲಿಲ್ಲ. ಮೊದಲ ಸಲ ಎಲ್ಲರೆದುರು ನಿಲ್ಲುವ ಅಂಜಿಕೆ ಇರಬೇಕೆಂದು ಸ್ವರ್ಣಲತಾ ಇಬ್ಬರಿಗೂ ಧೈರ್ಯ ಹೇಳಿ ಕಳಿಸಿದಳು. ಆಮೇಲೆ ಅವಳು ತನ್ನನ್ನು ತಾನು ಬೈದುಕೊಂಡದ್ದು ಇದಕ್ಕೇ. ಬಸ್ಸಿನಲ್ಲಿ ಮಾನಸಳ ಪಕ್ಕದ ಸೀಟು ಎಂದೂ ಖಾಲಿಯೇ ಇರುತ್ತಿತ್ತು. ಜನ ಕಂಬಿ ಹಿಡಿದು ನೇತಾಡುತ್ತಿದ್ದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ತೆರಕಣಾಂಬಿಯಲ್ಲಿ ಹತ್ತುತ್ತಿದ್ದ ಇವಳಿಗೆ ಅಲ್ಲಿ ಜಾಗ ಸಿಗುತ್ತಿತ್ತು. ಮೂರು ತಿಂಗಳು ಹಾಗೆ ಕೂತು ಬಂದರೂ ಯಾಕೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಶುಕ್ರವಾರ ಮೂರನೆಯ ಪೀರಿಯಡ್ಡಿಗೆ ಚರ್ಚೆ ಶುರುವಾಯಿತು. ಬೆಂಚುಗಳನ್ನು ಹಿಂದಕ್ಕೆ ತಳ್ಳಿ ಮುಂದೆ ಜಾಗ ಮಾಡಿದ್ದರು. ಮೊದಲು ರಂಗರಾಜು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಆಯಾ ಊರಿನ ವಿಚಾರ ಆಯಾ ಊರಿಗೆ ಗೊತ್ತು, ವಾಷಿಂಗ್ಟನ್ನಿನಲ್ಲಿ ಕೂತವರಿಗೆ ಏನು ಗೊತ್ತು ಎಂದಾಗ ಹಿಂದಿನ ಬೆಂಚಿನವರು ಮೇಜು ಕುಟ್ಟಿದರು. ಆದರೆ ಅವನು ಒಂದು ಸಲವೂ ಮಾನಸಳ ಕಡೆ ತಿರುಗಲಿಲ್ಲ. ಎದುರಾಳಿಯನ್ನು ನೋಡಿ ಮಾತಾಡು ಎಂದು ಸ್ವರ್ಣಲತಾ ಎರಡು ಸಲ ಹೇಳಿದಳು. ಅವನು ಕಿಟಕಿಯ ಕಡೆ ನೋಡಿ ಮಾತು ಮುಗಿಸಿದ.

ಮಾನಸಳ ಸರದಿ ಬಂತು. ಕೈಯಲ್ಲಿದ್ದ ಹಾಳೆಯಿಂದ ಅರ್ಧ ಓದಿದಳು. ಫ್ರೀಪೋರ್ಟಿನ ಪ್ರಶ್ನೆ ಬರಬೇಕಾದ ಕಡೆ ನಿಲ್ಲಿಸಿ, ಹಾಳೆ ಮಡಿಸಿ, ರಂಗರಾಜುವಿನ ಕಡೆಗೆ ಪೂರ್ತಿ ತಿರುಗಿದಳು.

"ಡಗ್ಲಾಸ್ ಅವರೇ, ಒಂದು ಊರು ಸೇರಿಕೊಂಡು, ಒಂದು ಮನೆಯವರನ್ನ ಯಾರೂ ಮಾತಾಡಿಸಬಾರದು, ಅವರ ರಾಗಿ ಬೀಸಬಾರದು, ಅವರ ಹೊಲಕ್ಕೆ ಯಾರೂ ಕೂಲಿಗೆ ಹೋಗಬಾರದು ಅಂತ ತೀರ್ಮಾನ ಮಾಡಿದರೆ, ಅದೂ ಆ ಊರಿನ ಹಕ್ಕಾ?"

ಇದು ತಾನು ಬರೆಸಿದ ಪ್ರಶ್ನೆಯಲ್ಲ ಎಂದು ಸ್ವರ್ಣಲತಾಗೆ ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ಆ ಊರಿನ ಇನ್ನೂ ಮೂವರು ಹುಡುಗರಿದ್ದರು, ಅವರು ತಲೆ ತಗ್ಗಿಸಿದರು. ಶಶಿಕುಮಾರ ಎಂಬ ಹುಡುಗ, ಅವನು ಗುಂಡ್ಲುಪೇಟೆಯವನೇ, ಮೊದಲಿಂದಲೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ರಂಗರಾಜು ಆ ಫೋನು ನೋಡಿದ. ಬಾಗಿಲ ಕಡೆ ನೋಡಿದ. ಇಡೀ ತರಗತಿ ಅವನ ಬಾಯಿಯನ್ನೇ ನೋಡುತ್ತಿತ್ತು. ಏನೋ ಆಗಬಾರದ್ದು ಆಗುತ್ತಿದೆ ಎಂದು ಸ್ವರ್ಣಲತಾಗೆ ಅನಿಸಿತು. ಗಂಟೆ ಹೊಡೆದರೆ ಸಾಕೆಂದು ಒಂದು ಕ್ಷಣ ಬೇಡಿಕೊಂಡಳು. ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು.

"ಅದು ಹಕ್ಕಲ್ಲ, ಮಾನಸ," ಎಂದ ರಂಗರಾಜು. ಅವನ ದೊಡ್ಡ ದನಿ ಎಲ್ಲಿಗೋ ಹೋಗಿತ್ತು. "ತಪ್ಪು ಅದು. ನಮ್ಮಪ್ಪ ಮಾಡಿರೋದು ತಪ್ಪು."

ಹೇಳಿ ಬಂದು ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆ ಮೂವರು ಹುಡುಗರು ಬ್ಯಾಗು ಎತ್ತಿಕೊಂಡು ಹೊರಗೆ ಹೋದರು.

ವಿಷಯ ಏನೆಂದು ಮಾನಸ ಆಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದಳು. ಅವಳ ಅಪ್ಪ ಸೋಮಣ್ಣನ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದವರು ಉತ್ತುಬಿಟ್ಟಿದ್ದರು. ಸೋಮಣ್ಣ ಊರ ನ್ಯಾಯಕ್ಕೆ ಹೇಳದೆ ನೇರವಾಗಿ ಪೊಲೀಸ್ ಸ್ಟೇಷನ್ನಿಗೆ ಹೋದ. ಕುಲದ ಯಜಮಾನರ ಮಾತು ಮೀರಿದ ಎಂದು ಊರು ಅವನ ಮನೆಯನ್ನು ಹೊರಗಿಟ್ಟಿತು. ಅವರನ್ನು ಮಾತಾಡಿಸಿದವರನ್ನೂ ಅವರ ಜೊತೆಗೇ ಹೊರಗಿಡುವುದು ಎಂದು ಕಟ್ಟು ಮಾಡಿದರು. ನಾಲ್ಕು ತಿಂಗಳಾಗಿತ್ತು. ಆ ಕಟ್ಟು ಮಾಡಿದ ಯಜಮಾನ ಚಿಕ್ಕಮಲ್ಲಪ್ಪ. ರಂಗರಾಜು ಅವನ ಒಬ್ಬನೇ ಮಗ.

"ನಂಗೆ ಅವನ್ನ ಸಿಕ್ಕಿಸಬೇಕು ಅಂತ ಇರಲಿಲ್ಲ ಮೇಡಂ," ಎಂದಳು ಮಾನಸ. "ನಾಲ್ಕು ತಿಂಗಳಿಂದ ನಮ್ಮೂರೋರು ಯಾರೂ ನನ್ನ ಹೆಸರಿಡಿದು ಕರ್ದಿಲ್ಲ. ಅಲ್ಲಿ ನಿಂತಾಗ ತಡಿಯಕ್ಕಾಗಲಿಲ್ಲ."

ಸ್ವರ್ಣಲತಾ ಅವಳ ಕೈಗೆ ನೀರಿನ ಬಾಟಲಿ ಕೊಟ್ಟಳು.

ಸ್ವರ್ಣಲತಾ ಹುಟ್ಟಿದ್ದು ಕುದೇರಿನ ಆಚೆಯ ಒಂದು ಹಳ್ಳಿಯಲ್ಲಿ. ಅಪ್ಪ ನಂಜಯ್ಯ ಕೂಲಿ ಮಾಡುತ್ತಿದ್ದವನು. ನಾಲ್ಕನೆಯ ಕ್ಲಾಸಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ಚಾಮುಂಡಿ. ಒಂದು ದಿನ ಊರು ಚಾಮುಂಡಿಯ ಮನೆಯನ್ನು ಹೊರಗಿಟ್ಟಿತು. ಕಾರಣ ಏನೆಂದು ಆಗ ಗೊತ್ತಾಗಲಿಲ್ಲ, ಆಮೇಲೂ ಯಾರೂ ಹೇಳಲಿಲ್ಲ. ಚಾಮುಂಡಿಯ ಜೊತೆ ಮಾತಾಡಿದರೆ ಕಾಲು ಮುರಿಯುತ್ತೇನೆ ಎಂದಿದ್ದ ನಂಜಯ್ಯ. ಮಾರನೆಯ ದಿನ ಚಾಮುಂಡಿ ಎಂದಿನಂತೆ ಪಕ್ಕದಲ್ಲಿ ಬಂದು ಕೂತು, ಬಳಪ ತಂದಿದ್ದೀಯಾ ಎಂದು ಕೇಳಿದಳು. ಸ್ವರ್ಣಲತಾಳ ಚೀಲದಲ್ಲಿ ಎರಡು ಬಳಪ ಇದ್ದವು. ಅವಳು ಎದ್ದು ಹೋಗಿ ಬೇರೆ ಕಡೆ ಕೂತಳು. ಹನ್ನೊಂದು ತಿಂಗಳು ಚಾಮುಂಡಿ ಆ ಬೆಂಚಿನಲ್ಲಿ ಒಬ್ಬಳೇ ಕೂತಳು. ಆಮೇಲೆ ಆ ಮನೆಯವರು ತಾಳವಾಡಿಯ ಕಡೆ ಎಲ್ಲೋ ಹೊರಟುಹೋದರು. ಅವರು ಹೋದದ್ದು ಯಾವ ದಿನವೆಂದೂ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಕೇಳುವವರು ಯಾರೂ ಇರಲಿಲ್ಲ.

ಗುಲಾಮರು ಓಡಿಬಂದರೆ ಹಿಡಿದುಕೊಡಲೇಬೇಕೆಂಬ ಅಮೆರಿಕದ ಕಾಯಿದೆಯನ್ನು ಪಾಠ ಮಾಡುವಾಗಲೆಲ್ಲ ಅವಳಿಗೆ ಒಳಗೊಳಗೇ ಅದು ನೆನಪಾಗುತ್ತಿತ್ತು. ಹುಡುಗರಿಗೆ ಮಾತ್ರ ಹೇಳಿರಲಿಲ್ಲ.

ಅಂದು ಸಂಜೆ ತಾಯಿಗೆ ನಡೆದದ್ದನ್ನು ಹೇಳಿ, ಚಾಮುಂಡಿಯ ಹೆಸರು ಎತ್ತಿದಳು. ಪುಟ್ಟಸಿದ್ದಮ್ಮ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅವತ್ತು ಊರೇ ಒಂದಾಗಿತ್ತು ಕಣಮ್ಮಿ. ನಾವು ಕೂಲಿ ಮಾಡೋರು. ಮಾತಾಡ್ಸ್‌ಬುಟ್ರೆ ನಾಳೀಕ್ ಯಾರ ಹೊಲಕ್ಕೆ ಓಗನ?" ಒಂದು ಹಿಡಿ ಸೊಪ್ಪು ಪಾತ್ರೆಗೆ ಹಾಕಿ ಮತ್ತೆ ಹೇಳಿದಳು. "ನೀನೀಗ ಕೂಲಿಯೋಳಲ್ಲ. ಅದ್ಕೇ ನಿಂಗೆ ಈಗ ಸಂಕ್ಟ ಆಯ್ತಾ ಅದೆ."

ಶನಿವಾರ ಬೆಳಗಾಗುವುದರೊಳಗೆ ಶಶಿಕುಮಾರ ಹಾಕಿದ ವಿಡಿಯೊ ಊರೂರು ಸುತ್ತಿತ್ತು. ಇಡೀ ಚರ್ಚೆಯಲ್ಲ, ಪ್ರಶ್ನೆ ಮತ್ತು ಉತ್ತರ ಮಾತ್ರ. ಮೂವತ್ತನಾಲ್ಕು ಸೆಕೆಂಡು.

ಸೋಮವಾರ ಹನ್ನೊಂದು ಗಂಟೆಗೆ ಪ್ರಾಂಶುಪಾಲರ ಕೊಠಡಿಯಿಂದ ಕರೆ ಬಂತು. ಹೊರಗೆ ಎರಡು ಗಾಡಿ ನಿಂತಿದ್ದವು. ಒಳಗೆ ಐದು ಜನ ಕೂತಿದ್ದರು, ಬಾಗಿಲ ಬಳಿ ಇನ್ನೂ ಕೆಲವರು. ಮಧ್ಯದಲ್ಲಿ ಬಿಳಿ ಪಂಚೆ ಉಟ್ಟಿದ್ದವನು ಚಿಕ್ಕಮಲ್ಲಪ್ಪ. ಅರುಚುತ್ತಾನೆ, ಬೈಯುತ್ತಾನೆ ಎಂದು ಸ್ವರ್ಣಲತಾ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದಳು. ಅವನು ಎದ್ದು ಕೈ ಮುಗಿದ. ಅವಳಿಗೆ ಅದರಿಂದ ಇನ್ನೂ ಭಯವಾಯಿತು.

"ನೋಡಿ ಮೇಡಮ್ಮೋರೆ, ನಾವು ಜಗಳಕ್ ಬಂದಿಲ್ಲ. ನಾಟ್ಕದಲ್ಲಿ ರಾವಣನ ಪಾರ್ಟ್ ಮಾಡ್ದೋನು ರಾವಣ ಆಗ್ಬುಡ್ತಾನಾ? ನೀವ್ ಬರ್ಕೊಟ್ರಿ, ಹೈದ ಒಪ್ಪುಸ್ದ. ಅಷ್ಟು ಬರ್ದು ಒಂದು ಸೈನ್ ಆಕ್ಕೊಡಿ. ಊರ್ಗೆ ತೋರುಸ್ತೀನಿ, ಇಲ್ಲಿಗೆ ಮುಗೀತದೆ."

ಪ್ರಾಂಶುಪಾಲರು ಆಗಲೇ ಬಿಳಿ ಹಾಳೆ ಮುಂದಕ್ಕೆ ಸರಿಸಿದ್ದರು. ಅವರು ಕೆಟ್ಟವರಲ್ಲ, ನಿವೃತ್ತಿಗೆ ಏಳು ತಿಂಗಳು ಉಳಿದಿದ್ದವರು. ಎರಡು ಸಾಲು ಬರೆದರೆ ಹುಡುಗನಿಗೂ ಒಳ್ಳೆಯದು, ಕಾಲೇಜಿಗೂ ಒಳ್ಳೆಯದು, ಮುಂದಿನ ವರ್ಷದ ಪಟ್ಟಿ ಮಾಡುವಾಗ ನಿಮಗೂ ತೊಂದರೆಯಿರದು ಎಂದರು.

ಸ್ವರ್ಣಲತಾ ಹಾಳೆ ತೆಗೆದುಕೊಂಡಳು. ಚಿಕ್ಕಮಲ್ಲಪ್ಪ ಕೇಳಿದ್ದರಲ್ಲಿ ಒಂದು ಲೆಕ್ಕವಿತ್ತು, ಅದು ಅವಳಿಗೂ ಅರ್ಥವಾಯಿತು. ಮಾತಾಡಿಸಿದವರನ್ನೂ ಹೊರಗಿಡಬೇಕೆಂಬ ಕಟ್ಟು ಮಾಡಿದವನು ಅವನೇ. ಈಗ ಅದು ಅವನ ಮಗನ ಮೇಲೆಯೇ ಬಂದಿತ್ತು. ಜೊತೆಗೆ ಬಂದ ನಾಲ್ವರು ಅವನಿಗೆ ಬೆಂಬಲಕ್ಕೆ ಬಂದವರಲ್ಲ, ಅವನು ಏನು ಮಾಡುತ್ತಾನೆ ನೋಡೋಣ ಎಂದು ಬಂದವರು. ಎರಡು ಸಾಲು ಬರೆದರೆ ರಂಗರಾಜು ಉಳಿಯುತ್ತಾನೆ. ಅವನನ್ನು ಉಳಿಸುವುದಲ್ಲವೇ ಮೇಷ್ಟ್ರ ಕೆಲಸ? ಆದರೆ ಬರೆದುಬಿಟ್ಟರೆ ಮಾನಸ ಕೇಳಿದ ಪ್ರಶ್ನೆಯೂ ನಾಟಕವೇ ಆಗುತ್ತದೆ, ಆ ಮನೆಯ ನಾಲ್ಕು ತಿಂಗಳೂ ನಾಟಕವಾಗುತ್ತದೆ. ಪೆನ್ನಿನ ಕ್ಯಾಪು ತೆಗೆದಳು. ಮತ್ತೆ ಮುಚ್ಚಿದಳು.

"ಅವನನ್ನೇ ಒಂದು ಮಾತು ಕೇಳ್ತೀನಿ," ಎಂದಳು.

ಕೇಳುವುದೇನಿದೆ ಎಂದು ಕೂತವರಲ್ಲೊಬ್ಬ ದನಿ ಏರಿಸಿದ. ಪ್ರಾಂಶುಪಾಲರು ಬೇಡ ಎಂದು ಕೈ ಮಾಡಿದರು. ಅಷ್ಟರಲ್ಲಿ ಬಾಗಿಲ ಬಳಿಯವರನ್ನು ಸರಿಸಿಕೊಂಡು ರಂಗರಾಜುವೇ ಒಳಗೆ ಬಂದ. ಅವನು ಮೊದಲಿಂದಲೂ ಅಲ್ಲೇ ನಿಂತಿದ್ದ.

"ಬರೀಬೇಡಿ ಮೇಡಂ," ಎಂದ. "ನಾನೇ ಅಂದಿದ್ದು."

ಚಿಕ್ಕಮಲ್ಲಪ್ಪ ಮಗನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಹಾಳೆಯನ್ನೇ ನೋಡುತ್ತಾ ಕೂತಿದ್ದು, ಆಮೇಲೆ ಪಂಚೆ ಸರಿಮಾಡಿಕೊಂಡು ಎದ್ದ. ಜೊತೆಯವರಲ್ಲಿ ಹಿರಿಯವನು, "ಕೇಳಿಸ್ಕಂಡ್ಯಲ್ಲ ಯಜಮಾನ, ಇನ್ನು ನೀನುಂಟು ನಿನ್ನ ಕಟ್ಟುಂಟು," ಎಂದ. ಅವರೆಲ್ಲ ಹೋದ ಮೇಲೆ ಪ್ರಾಂಶುಪಾಲರು ಆ ಬಿಳಿ ಹಾಳೆಯನ್ನು ಡ್ರಾಯರಿಗೆ ಹಾಕಿದರು.

ಮರುದಿನದ ಬಸ್ಸಿನಲ್ಲಿ ಸ್ವರ್ಣಲತಾಳ ಪಕ್ಕದಲ್ಲಿ ಮಾನಸ ಇದ್ದಳು, ಆ ಊರಿನ ಉಳಿದವರು ಇವಳನ್ನೂ ಕಾಣದವರಂತೆ ಕೂತಿದ್ದರು. ದಿನಾ ನಮಸ್ಕಾರ ಹೇಳುತ್ತಿದ್ದ ಒಬ್ಬ ಮುದುಕ ಅವಳನ್ನು ಕಂಡು ಹೊರಗೆ ಮುಖ ತಿರುಗಿಸಿದ. ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಇಬ್ಬರು ಒಂದು ಬೈಕಿನಲ್ಲಿ ಹಿಂದೆ ಬಂದರು. ಅವಳ ಹೆಜ್ಜೆಗೆ ಸರಿಯಾಗಿ ನಿಧಾನವಾಗಿ ಬಂದು, ತಾಯಿ ಬಾಗಿಲು ತೆಗೆದು ಅವಳು ಒಳಗೆ ಹೋಗುವವರೆಗೆ ಮನೆಯ ಮುಂದೆ ಎಂಜಿನ್ ಆರಿಸದೆ ನಿಂತರು. ಏನೂ ಹೇಳಲಿಲ್ಲ. ಹೊರಟುಹೋದರು. ಒಳಗಿನಿಂದ ಚಿಲಕ ಹಾಕಿದಳು. ಗಿರೀಶನಿಗೆ ಫೋನು ಮಾಡಿದಳು. ಅವನು, ಇದರಿಂದ ಹಿಂದೆ ಸರಿ ಎಂದೂ ಹೇಳಲಿಲ್ಲ, ಮುಂದೆ ಹೋಗು ಎಂದೂ ಹೇಳಲಿಲ್ಲ. ರಜೆ ಹಾಕಿ ಬರುತ್ತೇನೆ ಎಂದಷ್ಟೇ ಹೇಳಿದ.

ಬುಧವಾರ ಸೋಮಣ್ಣ ಮಗಳ ಜೊತೆ ಸ್ವರ್ಣಲತಾಳ ಮನೆಗೆ ಬಂದ. ಒಣಗಿದ ಮೈಯ, ಮೆಲುದನಿಯ ಮನುಷ್ಯ. ಚಾಮರಾಜನಗರಕ್ಕೆ ಹೋಗಿ ಜಿಲ್ಲಾ ಕಚೇರಿಯಲ್ಲಿ ದೂರು ಕೊಡಬೇಕೆಂದಿದ್ದ. ಹಿಂದೆಯೂ ಯೋಚಿಸಿದ್ದನಂತೆ. ದೂರು ಬರೆಯಬಹುದಿತ್ತು, ಆದರೆ ಹೀಗೆ ಆಗುತ್ತಿದೆ ಎಂದು ಹೇಳುವ ಇನ್ನೊಬ್ಬರು ಬೇಕಲ್ಲ, ಊರಿನಲ್ಲಿ ಯಾರು ಬರುತ್ತಾರೆ ಎಂದು ಸುಮ್ಮನಾಗಿದ್ದ. ಅವನು ಬನ್ನಿ ಎಂದು ಕೇಳಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದ. ಪುಟ್ಟಸಿದ್ದಮ್ಮ ಒಳಗಿನಿಂದ ಬಂದು ಅವನನ್ನು ನೋಡಿ, ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಮುದ್ದೆ ಸಾರು ತಂದು ಅವನ ಮುಂದೆ ಇಟ್ಟಳು.

"ಉಣ್ಣಿ," ಎಂದಳು. ಆಮೇಲೆ ಸ್ವರ್ಣಲತಾಳ ಕಡೆ ತಿರುಗಿ, "ಓಗ್ಬುಟ್ ಬಾ," ಎಂದಳು.

ಚಾಮರಾಜನಗರದ ಕಚೇರಿಯಲ್ಲಿ ಮೂರು ಗಂಟೆ ಕಾದರು. ದೂರಿನ ಕೆಳಗೆ ಸಾಕ್ಷಿ ಎಂದಿದ್ದ ಕಡೆ ಸ್ವರ್ಣಲತಾ ಸಹಿ ಹಾಕಿದಳು. ಅಲ್ಲಿದ್ದ ಅಧಿಕಾರಿ, ನೀವು ಆ ಊರಿನವರಲ್ಲ, ನೀವು ನೋಡಿದ್ದೇನು ಎಂದು ಕೇಳಿದರು. ಬಸ್ಸಿನ ಸೀಟಿನ ವಿಚಾರ ಹೇಳಿದಳು. ಅಷ್ಟು ಸಾಕಾಗದೇನೋ ಎಂದುಕೊಂಡಳು. ಅವರು ಅದನ್ನೂ ಬರೆದುಕೊಂಡರು. ಶನಿವಾರ ಬೆಳಿಗ್ಗೆ ಊರಿನಲ್ಲಿ ಸಭೆ, ತಹಶೀಲ್ದಾರರು ಬರುತ್ತಾರೆ, ಪೊಲೀಸರೂ ಇರುತ್ತಾರೆ, ನೀವೂ ಬನ್ನಿ ಎಂದರು.

ಶನಿವಾರ ಗಿರೀಶ್ ತನ್ನ ಬೈಕಿನಲ್ಲಿ ಅವಳನ್ನು ಕರೆದುಕೊಂಡು ಹೋದ. ಸಭೆ ನಡೆದದ್ದು ಹಿಟ್ಟಿನ ಗಿರಣಿಯ ಮುಂದಿನ ಬಯಲಲ್ಲಿ. ಇನ್ನೂರು ಜನಕ್ಕಿಂತ ಹೆಚ್ಚು ಇದ್ದರು, ಆದರೆ ಸದ್ದೇ ಇರಲಿಲ್ಲ. ಅಷ್ಟು ಜನ ಸೇರಿ ಅಷ್ಟು ನಿಶ್ಶಬ್ದವಾಗಿದ್ದುದನ್ನು ಸ್ವರ್ಣಲತಾ ಎಲ್ಲೂ ನೋಡಿರಲಿಲ್ಲ. ಸೋಮಣ್ಣ, ಅವನ ಹೆಂಡತಿ, ಮಾನಸ ಮೂವರೂ ಒಂದು ಕಡೆ ನಿಂತಿದ್ದರು. ಅವರ ಸುತ್ತ ಹತ್ತು ಹೆಜ್ಜೆ ಖಾಲಿ. ಸ್ವರ್ಣಲತಾ ಹೋಗಿ ಅವರ ಜೊತೆ ನಿಂತಳು. ಹಿಂದಿನಿಂದ ಯಾರೋ ಉಗುಳಿದ ಸದ್ದು ಕೇಳಿಸಿತು.

ತಹಶೀಲ್ದಾರರು ದೂರು ಓದಿ, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದರು. ಚಿಕ್ಕಮಲ್ಲಪ್ಪ ಮುಂದೆ ಬಂದ.

"ಬಹಿಷ್ಕಾರ ಗಿಹಿಷ್ಕಾರ ನಮ್ಮೂರಲ್ಲಿ ಏನೂ ಇಲ್ಲ ಸ್ವಾಮಿ. ಮಾತು ಅವರವರ ಬಾಯ್ದು. ಮಾತಾಡ್ಲೇಬೇಕು ಅಂತ ಯಾರ್ ಬಲವಂತ ಮಾಡಕಾದದು? ಬೇಕಾರೆ ಜನವ ಕೇಳಿ."

ತಹಶೀಲ್ದಾರರು ಜನರನ್ನು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಹೆಂಗಸರನ್ನು ಕೇಳಿದರು. ಅವರೂ ಸುಮ್ಮನಿದ್ದರು. ದೂರು ಇಲ್ಲಿಗೆ ಬಿದ್ದುಹೋಯಿತು ಎಂದು ಸ್ವರ್ಣಲತಾಗೆ ಅನಿಸಿತು. ಸೋಮಣ್ಣ ನೆಲ ನೋಡುತ್ತಿದ್ದ. ತಹಶೀಲ್ದಾರರು ಸ್ವಲ್ಪ ಯೋಚಿಸಿ, "ಬಹಿಷ್ಕಾರ ಇಲ್ಲ ಅಂದಮೇಲೆ ಒಳ್ಳೇದಾಯ್ತು. ಸೋಮಣ್ಣನ ಮನೆಯಿಂದ ಅರ್ಧ ಮೂಟೆ ರಾಗಿ ತರಿಸಿ. ಗಿರಣಿ ಇಲ್ಲೇ ಇದೆಯಲ್ಲ, ಬೀಸಿಕೊಡಲಿ," ಎಂದರು.

ಜನ ಅಲ್ಲಾಡಲಿಲ್ಲ. ಗಿರಣಿಯ ದೊಡ್ಡಮಾದಯ್ಯ ಬಾಗಿಲಲ್ಲಿ ನಿಂತು ಯಜಮಾನನ ಮುಖ ನೋಡಿದ. ಯಜಮಾನ ಗಿರಣಿಯ ಚಾವಣಿ ನೋಡುತ್ತಿದ್ದ. ಸೋಮಣ್ಣ ತಾನೇ ಹೋಗಿ ಮೂಟೆ ಹೊತ್ತು ತಂದು ಗಿರಣಿಯ ಮುಂದೆ ಇಳಿಸಿದ. ಒಳಗೆ ತೆಗೆದುಕೊಂಡು ಹೋಗುವವರಿಲ್ಲ. ರಂಗರಾಜು ಗುಂಪಿನಿಂದ ಹೊರಗೆ ಬಂದು ಮೂಟೆಗೆ ಕೈ ಹಾಕಿದ. ಅವನ ಚಿಕ್ಕಪ್ಪ ಬಂದು ರಟ್ಟೆ ಹಿಡಿದು ಎಳೆದ. ಪೊಲೀಸಿನವರು ಮುಂದೆ ಬಂದರು. ಗುಂಪಿನಲ್ಲಿ ಮೊದಲ ಸಲ ಗದ್ದಲವೆದ್ದಿತು, ಹಿಂದಿನಿಂದ ನೂಕುವುದು ಶುರುವಾಯಿತು, ಗಿರೀಶ್ ಹೆಂಡತಿಯ ಮುಂದೆ ಬಂದು ನಿಂತ.

ಆಗ ಹೆಂಗಸರ ಕಡೆಯಿಂದ ಒಬ್ಬಳು ಎದ್ದು ಬಂದಳು. ಐವತ್ತರ ಹತ್ತಿರದವಳು, ಸೆರಗು ತಲೆಯ ಮೇಲೆ. ಯಜಮಾನನ ಹೆಂಡತಿ ಚಿಕ್ಕನಿಂಗಮ್ಮ ಎಂದು ಮಾನಸ ಪಿಸುಗುಟ್ಟಿದಳು. ಚಿಕ್ಕನಿಂಗಮ್ಮ ತಹಶೀಲ್ದಾರರ ಎದುರು ನಿಂತಳು.

"ಬಹಿಷ್ಕಾರ ಇಲ್ಲ ಅಂದ್ರಲ್ಲ, ಅಂಗಾರೆ ನನ್ ಮಗ ಯಾಕ್ ಸ್ವಾಮಿ ವಾರದಿಂದ ಜಗಲೀಲಿ ಉಣ್ತಾವ್ನೆ? ಅವನ ತಟ್ಟೆಯೇ ಬ್ಯಾರೆ ಮಡಗಿವ್ನಿ. ಅವರಪ್ಪ ಅವನ್ ಜೊತೆ ಮಾತಾಡಿಲ್ಲ. ನಾನ್ ಮಾತಾಡುದ್ರೆ ನನ್ನೂ ಹೊರಗ್ ಮಡಗ್ತರಂತೆ."

ಯಾರೂ ತಡೆಯಲಿಲ್ಲ. ತಡೆಯಬೇಕಾದವನು ಅವಳ ಗಂಡ, ಅವನು ಇದ್ದಲ್ಲೇ ನಿಂತಿದ್ದ. ಚಿಕ್ಕನಿಂಗಮ್ಮ ಗಿರಣಿಯ ಕಡೆ ತಿರುಗಿ, "ಮೋಟ್ರು ಆಕು ಮಾದಯ್ಯ," ಎಂದಳು. ಮಗ ಒಂದು ಕಡೆ, ತಾಯಿ ಒಂದು ಕಡೆ ಹಿಡಿದು ಮೂಟೆಯನ್ನು ಒಳಗೆ ಇಟ್ಟರು. ದೊಡ್ಡಮಾದಯ್ಯ ಇನ್ನೊಂದು ಸಲ ಯಜಮಾನನ ಕಡೆ ನೋಡಿದ. ಚಿಕ್ಕಮಲ್ಲಪ್ಪ ತಲೆ ಆಡಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ. ಮೋಟಾರು ಶುರುವಾಯಿತು.

ಕಟ್ಟು ತೆಗೆದಿದ್ದೇವೆ, ಇನ್ನು ಯಾರಿಗೂ ಹೀಗೆ ಮಾಡುವುದಿಲ್ಲ ಎಂದು ಅಂದೇ ಬರೆಸಿಕೊಂಡರು. ಹನ್ನೊಂದು ಜನ ಸಹಿ ಹಾಕಿದರು, ಚಿಕ್ಕಮಲ್ಲಪ್ಪ ಕೊನೆಯವನು. ಅವನು ಸಹಿ ಹಾಕಿ ಮಗನ ಕಡೆ ನೋಡದೆ ಮನೆಗೆ ನಡೆದ.

ಬರೆದುಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಸೋಮಣ್ಣನ ಹೊಲದ ದಾರಿ ಬಿಡಿಸಲು ಇನ್ನೂ ಐದು ತಿಂಗಳಾಯಿತು. ಮೊದಲು ಮಾತಾಡಿಸಿದವರು ಹೆಂಗಸರು. ಗಂಡಸರಲ್ಲಿ ಆರೇಳು ಮನೆಯವರು ಇಂದಿಗೂ ಮಾತಾಡುವುದಿಲ್ಲ. ರಂಗರಾಜು ಪರೀಕ್ಷೆಯವರೆಗೆ ಚಾಮರಾಜನಗರದಲ್ಲಿ ಒಂದು ರೂಮಿನಲ್ಲಿದ್ದು ಓದಿದ. ತಾಯಿ ವಾರಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದಳು. ಫಲಿತಾಂಶ ಬಂದ ದಿನ ಅಪ್ಪ ಫೋನು ಮಾಡಿದನಂತೆ. ಪಾಸಾದೆಯಾ ಎಂದು ಕೇಳಿ ಇಟ್ಟುಬಿಟ್ಟನಂತೆ. ಅಷ್ಟನ್ನೇ ರಂಗರಾಜು ಸ್ವರ್ಣಲತಾಗೆ ನಾಲ್ಕು ಸಲ ಹೇಳಿದ.

ಮುಂದಿನ ವರ್ಷದ ಪಟ್ಟಿಯಲ್ಲಿ ಸ್ವರ್ಣಲತಾಳ ಹೆಸರು ಗುಂಡ್ಲುಪೇಟೆಗೆ ಬರಲಿಲ್ಲ. ಇತಿಹಾಸಕ್ಕೆ ಪಾಠದ ಅವಧಿ ಕಡಿಮೆಯಾಗಿದೆ ಎಂದರು. ಅದು ನಿಜವೂ ಇರಬಹುದು, ಅವಳು ವಿಚಾರಿಸಲಿಲ್ಲ. ಎರಡು ತಿಂಗಳು ಮನೆಯಲ್ಲಿದ್ದು, ಆಮೇಲೆ ಚಾಮರಾಜನಗರದ ಒಂದು ಕಾಲೇಜಿಗೆ ಸೇರಿದಳು. ಚಾಮುಂಡಿಯ ಮನೆಯವರು ಎಲ್ಲಿದ್ದಾರೆಂದು ತಾಳವಾಡಿಯ ಕಡೆಯವರನ್ನು ಕಂಡಾಗಲೆಲ್ಲ ಕೇಳಿದಳು. ಇನ್ನೂ ಪತ್ತೆಯಾಗಿಲ್ಲ.

ಮಾನಸ ಚಾಮರಾಜನಗರದಲ್ಲೇ ಬಿ.ಎಡ್. ಸೇರಿದಳು. ಒಂದು ಮಧ್ಯಾಹ್ನ ಸ್ವರ್ಣಲತಾಳನ್ನು ನೋಡಲು ಕಾಲೇಜಿಗೆ ಬಂದಳು. ಇಬ್ಬರೂ ಕ್ಯಾಂಟೀನಿನಲ್ಲಿ ಟೀ ಕುಡಿದರು. ಊರಿನ ಸುದ್ದಿ, ಅಮ್ಮನ ಮಂಡಿನೋವಿನ ಸುದ್ದಿ ಎಲ್ಲ ಹೇಳಿದಳು. ಹೊರಡುವಾಗ ನಿಂತು ಕೇಳಿದಳು.

"ಮೇಡಂ, ಅವತ್ತು ರಂಗರಾಜು ಉತ್ತರ ಕೊಡದೆ ಸುಮ್ಮನೆ ನಿಂತುಬಿಟ್ಟಿದ್ರೆ ನೀವೇನ್ ಮಾಡ್ತಿದ್ರಿ?"

ಸ್ವರ್ಣಲತಾ ಯೋಚಿಸಲಿಲ್ಲ. ಅದನ್ನು ಅವಳು ಎಷ್ಟೋ ಸಲ ಯೋಚಿಸಿ ಆಗಿತ್ತು.

"ಚೆನ್ನಾಗಿ ಮಾಡಿದ್ರಿ, ಕೂತ್ಕೊಳ್ಳಿ ಅಂತಿದ್ದೆ," ಎಂದಳು. "ಗಂಟೆ ಹೊಡೆಯೋವರೆಗೆ ಬೇರೆ ಏನೋ ಪಾಠ ಮಾಡ್ತಿದ್ದೆ."

ಮಾನಸ ಅವಳನ್ನೇ ನೋಡಿ ತಲೆಯಾಡಿಸಿದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, ಎರಡು ಗಂಟೆಯ ಕ್ಲಾಸಿಗೆ ಹೊತ್ತಾಯಿತೆಂದು ಹೊರಟಳು.